ಮುತ್ತಿಗೆ ಮುಗಿದ ಊರಲ್ಲಿ ನಗರಸಭೆಗೆ ಏನು ಕೆಲಸ?

ಕುಂಬಳೆಯವ:
ಬೋಸ್ನಿಯಾದ ರಾಜಧಾನಿ ಸರಾಯೆವೊ ಬಗ್ಗೆ ಓದುತ್ತಿದ್ದೆ. 1992ರ ಏಪ್ರಿಲ್‌ನಿಂದ 1996ರ ಫೆಬ್ರವರಿವರೆಗೆ, ಒಟ್ಟು 1,425 ದಿನ ಮುತ್ತಿಗೆ. ಆಮೇಲೆ ಕಟ್ಟಲಿಕ್ಕೆ ದುಡ್ಡು ಬಂದದ್ದು ವಿಶ್ವಬ್ಯಾಂಕ್, ಯುರೋಪಿನ ದೇಶಗಳಿಂದ. ಹಾಗಾದರೆ ಅಲ್ಲಿನ ಸ್ಥಳೀಯ ಆಡಳಿತ ಮಾಡಿದ್ದೇನು ಮಾರಾಯ್ರೇ? ಸುಮ್ನೆ ರಿಬ್ಬನ್ ಕತ್ತರಿಸಿದ್ದಾ?

ನಿವೃತ್ತ ಗುಮಾಸ್ತ, ಬದಿಯಡ್ಕ:
ದುಡ್ಡು ಕೊಡುವವ ಬೇರೆ, ಪಟ್ಟಿ ಮಾಡುವವ ಬೇರೆ. 2018ರ ಕೇರಳದ ನೆರೆಯಲ್ಲಿ ಯಾವ ಮನೆಗೆ ಎಷ್ಟು ಹಾನಿ ಅಂತ ಹೋಗಿ ನೋಡಿದ್ದು ತಿರುವನಂತಪುರದವರಲ್ಲ, ಆಯಾ ಊರಿನ ಪಂಚಾಯತಿಯ ಮಟ್ಟದಲ್ಲೇ ಅಲ್ವಾ.
ಸರಾಯೆವೊದಲ್ಲಿ ದೊಡ್ಡ ತಲೆನೋವು ಫ್ಲ್ಯಾಟುಗಳದ್ದು. ಬೋಸ್ನಿಯಾ ಯುಗೊಸ್ಲಾವಿಯದ ಭಾಗವಾಗಿದ್ದ ಕಾಲದಲ್ಲಿ ಪೇಟೆಯ ಎಷ್ಟೋ ಫ್ಲ್ಯಾಟುಗಳು ಸ್ವಂತದ್ದಲ್ಲ, ಕೆಲಸದ ಸಂಸ್ಥೆ ಹಂಚಿದ್ದು, ಇದ್ದದ್ದು ವಾಸದ ಹಕ್ಕು ಮಾತ್ರ. ಯುದ್ಧದಲ್ಲಿ ಓಡಿಹೋದವರ ಫ್ಲ್ಯಾಟನ್ನು 'ಬಿಟ್ಟುಹೋದದ್ದು' ಅಂತ ಬರೆದು ಬೇರೆಯವರಿಗೆ ಕೊಟ್ಟರು. ಆ ಬೇರೆಯವರಲ್ಲೂ ತುಂಬ ಜನ ತಮ್ಮ ಊರು ಕಳೆದುಕೊಂಡು ಬಂದವರೇ. ಯುದ್ಧ ನಿಲ್ಲಿಸಿದ 1995ರ ಡೇಟನ್ ಒಪ್ಪಂದ ಹಳಬರಿಗೆ ಆಸ್ತಿ ವಾಪಸ್ ಸಿಗಬೇಕು ಅಂತ ಹೇಳಿತು. ಹೇಳುವುದು ಸುಲಭ, ಆದರೆ ಇಡೀ ದೇಶದಲ್ಲಿ 2 ಲಕ್ಷಕ್ಕೂ ಜಾಸ್ತಿ ಅರ್ಜಿ ಬಂದವು, ಒಂದೊಂದನ್ನೂ ನೋಡಿ, ಒಳಗಿದ್ದವನನ್ನು ಎಬ್ಬಿಸಿ, ಅವನನ್ನು ಎಲ್ಲಿ ಕೂರಿಸುವುದು ಅಂತ ತಲೆಕೆಡಿಸಿಕೊಂಡದ್ದು ಅಲ್ಲಿಯ ವಸತಿ ಕಚೇರಿಗಳು. ಕೆಲವು ಕಡೆ ಬೇಕೆಂದೇ ಎಳೆದರು, ಅದೂ ನಿಜ.

ಪೆರ್ಲದ ಅಕ್ಕ:
ಗುಮಾಸ್ತರು ಹೇಳಿದ್ದು ಸರಿ, ಆದರೆ ಅಧಿಕಾರ ಹಂಚಿಹೋದದ್ದನ್ನು ಬಿಟ್ಟರು. ಮೇಲೆ ದೇಶ, ಕೆಳಗೆ ಫೆಡರೇಶನ್ (ದೇಶದ ಎರಡು ಭಾಗಗಳಲ್ಲಿ ಒಂದು), ಅದರ ಕೆಳಗೆ ಕ್ಯಾಂಟನ್ (ನಮ್ಮ ಜಿಲ್ಲೆಯ ಹಾಗೆ, ಆದರೆ ಸ್ವಂತ ಸರ್ಕಾರ ಇರುವುದು), ಆಮೇಲೆ ನಗರ, ನಗರದೊಳಗೆ ಮತ್ತೆ 4 ಮುನಿಸಿಪಾಲಿಟಿ. ಪೈಪ್ ಸೋರಿದರೆ ಯಾರನ್ನು ಕೇಳುವುದು? ಮುತ್ತಿಗೆಯಲ್ಲಿ ಜನ ಬಿಯರ್ ಕಾರ್ಖಾನೆಯ ಒರತೆಯಿಂದ ಕ್ಯಾನಿನಲ್ಲಿ ನೀರು ಹೊರುತ್ತಿದ್ದರು, ಶೆಲ್ ಬೀಳುವಾಗಲೂ ಕ್ಯೂ. ಯುದ್ಧ ಮುಗಿದು ವರ್ಷಗಟ್ಟಲೆ ಆದರೂ ರಾತ್ರಿ ನೀರು ನಿಲ್ಲಿಸುತ್ತಿದ್ದರು, ಲೈನು ಅಷ್ಟು ಹಳತು. ಟ್ರಾಮ್ ಮಾತ್ರ ಮುತ್ತಿಗೆ ಮುಗಿಯುವ ಮೊದಲೇ, 1994ರ ಮಾರ್ಚಿನಲ್ಲಿ ಮತ್ತೆ ಓಡಿತು. ಸುಟ್ಟುಹೋದ ಹಳೇ ನಗರಸಭಾ ಕಟ್ಟಡ, ಯುದ್ಧದ ಹೊತ್ತಿಗೆ ಲೈಬ್ರರಿ ಆಗಿದ್ದದ್ದು, ಮತ್ತೆ ತೆರೆದದ್ದು 2014ರಲ್ಲಿ. ನನಗೆ ಆ ಕಟ್ಟಡ ತಡವಾದದ್ದಕ್ಕೆ ಬೇಜಾರಿಲ್ಲ, ನೀರಿನದ್ದಕ್ಕೆ ಇದೆ.

ಕುಂಬಳೆಯವ:
ಅಕ್ಕಾ, ಹಾಗಾದರೆ ನೀರಿನ ಲೈನು ಯಾರ ಕೈಯಲ್ಲಿತ್ತು, ಕ್ಯಾಂಟನ್ನಾ ನಗರವಾ?

ಪೆರ್ಲದ ಅಕ್ಕ:
ಕ್ಯಾಂಟನ್ನಿನ ಕಂಪನಿ. ಬೈಗುಳ ಮಾತ್ರ ಮೇಯರಿಗೆ.