ಮನೆ ಆಕ್ಸಿಜನ್: ಕಾನ್ಸಂಟ್ರೇಟರ್ ಬಿಟ್ಟು ಸಿಲಿಂಡರ್‌ಗೆ ಹೋಗೋದಾ? ಗೊತ್ತಿದ್ದವರು ಹೇಳಿ

ಪ್ರಶ್ನೆ: ತಂದೆಗೆ ಸಿಒಪಿಡಿ, ಅಂದ್ರೆ ಶ್ವಾಸನಾಳ ಕಿರಿದಾಗಿ ಉಸಿರು ಕಟ್ಟೋ ದೀರ್ಘಕಾಲದ ಕಾಯಿಲೆ. ಶ್ವಾಸಕೋಶ ವಿಭಾಗದಿಂದ ಡಿಸ್ಚಾರ್ಜ್ ಮಾಡುವಾಗ ದಿನಕ್ಕೆ 16 ಗಂಟೆ, ನಿಮಿಷಕ್ಕೆ 2 ಲೀಟರ್ ಆಕ್ಸಿಜನ್ ಬರೆದಿದ್ದಾರೆ. ಸ್ಯಾಚುರೇಶನ್ (ರಕ್ತದ ಆಕ್ಸಿಜನ್ ಮಟ್ಟ) ಶೇ. 88–92 ಇರಬೇಕಂತೆ. ಗಾಳಿಯಿಂದಲೇ ಆಕ್ಸಿಜನ್ ಬೇರ್ಪಡಿಸೋ ಮೆಷಿನ್, ಅಂದ್ರೆ ಕಾನ್ಸಂಟ್ರೇಟರ್, ಬಾಡಿಗೆಗೆ ತಂದಿದ್ದೀವಿ. ಹರಿವಿನ ಮೀಟರಿನ ಗುಂಡು 2ರ ಮೇಲೇ ನಿಂತಿದೆ, ಆದ್ರೂ ಬೆಳಿಗ್ಗೆಯಿಂದ 86ಕ್ಕೆ ಇಳೀತಿದೆ. ಬದಲಾಯಿಸೋದಾ?

ಜಿಯೊಲೈಟ್: ಸಿಲಿಂಡರ್ ಮಾತೇ ಬೇಡ. 2 ಲೀಟರಿನಂತೆ 16 ಗಂಟೆಗೆ 1920 ಲೀಟರ್ ಬೇಕು. 10 ಲೀಟರ್ ನೀರು ಹಿಡಿಯೋ ಸಿಲಿಂಡರನ್ನ 150 ಬಾರ್‌ಗೆ ತುಂಬಿದ್ರೆ ಸಿಗೋದು 1500. ಹನ್ನೆರಡೂವರೆ ಗಂಟೆಗೆ ಖಾಲಿ. ವಾರಕ್ಕೆ ಒಂಬತ್ತು! ಹೊತ್ತು ತರೋರು ಯಾರು, ನಡುರಾತ್ರಿ ರೆಗ್ಯುಲೇಟರ್ ಬದಲಾಯಿಸೋರು ಯಾರು?

ಸ್ಪ್ಯಾನರ್: ಕರೆಂಟ್ ಹೋದಾಗ ನಿಮ್ಮ ಮೆಷಿನ್ ಏನು ಮಾಡುತ್ತೆ ಅಂತಲೂ ಬರೀರಿ. 5 ಲೀಟರಿನದು 300–350 ವ್ಯಾಟ್ ಎಳೆಯುತ್ತೆ, ಸಣ್ಣ ಯುಪಿಎಸ್ ಎಷ್ಟು ಹೊತ್ತು ತಡೆಯುತ್ತೆ? ಒಳಗಿನ ಜಿಯೊಲೈಟ್ ಕಾಳಿಗೆ ತೇವ ಹೊಕ್ಕರೆ ನೈಟ್ರೋಜನ್ ಹಿಡಿಯೋ ಶಕ್ತಿ ಹೋಗುತ್ತೆ. ಶೇ. 93 ಇರಬೇಕಾದ ಆಕ್ಸಿಜನ್ ಶುದ್ಧತೆ 80ಕ್ಕೆ ಬಿದ್ರೂ ಗುಂಡು ಕದಲಲ್ಲ, ಅದು ತೋರಿಸೋದು ಹರಿವು ಅಷ್ಟೇ. ಸಿಲಿಂಡರಿನಲ್ಲಿ ಆ ತಾಪತ್ರಯ ಇಲ್ಲ. ವಾಷರ್ ಸವೆದ್ರೆ ಸುಯ್ ಅಂತ ತಾನೇ ಹೇಳುತ್ತೆ. ಎಣ್ಣೆ, ಗ್ರೀಸ್ ಹತ್ತಿದ ಕೈಲಿ ವಾಲ್ವ್ ಮುಟ್ಟಬಾರದು, ಹೊತ್ಕೊಳ್ಳುತ್ತೆ.

ಜಿಯೊಲೈಟ್: ಫಿಲ್ಟರ್ ತೊಳೆದು ಒದ್ದೆಯಾಗೇ ತುರುಕಿದ್ರೆ ತೇವ ಹೋಗದೆ ಇನ್ನೇನು ಸ್ವಾಮಿ? ಮೆಷಿನನ್ನ ಗೋಡೆಗೆ ಒತ್ತಿ, ಪರದೆ ಹಿಂದೆ ಇಡೋದು, ಬಿಸಿಯಾದ ಮೇಲೆ ಬೈಯೋದು. ಒಳ್ಳೇ ಮೆಷಿನ್ ಆದ್ರೆ ಶುದ್ಧತೆ ಬಿದ್ದಾಗ ಹಳದಿ ದೀಪ ಹತ್ತುತ್ತೆ. ದೀಪ ನೋಡೋ ಅಭ್ಯಾಸ ಇರಬೇಕು.

ರಾತ್ರಿಪಾಳಿ: ಇಬ್ಬರೂ ಡಬ್ಬಕ್ಕೇ ಗಂಟುಬಿದ್ದಿದ್ದೀರಿ. ಎಬಿಜಿ, ಅಂದ್ರೆ ಅಪಧಮನಿ ರಕ್ತದ ಗ್ಯಾಸ್ ಪರೀಕ್ಷೆ, ಎಲ್ಲಿ? ಬೆರಳಿಗೆ ಹಾಕೋ ಆಕ್ಸಿಮೀಟರ್ ಕಾರ್ಬನ್ ಡೈಆಕ್ಸೈಡ್ ತೋರಿಸಲ್ಲ. 86 ಅಂತ ಹೆದರಿ ತಾವೇ 4 ಲೀಟರಿಗೆ ಏರಿಸಿ 97 ಕಂಡು ಖುಷಿಪಡ್ತಾರೆ, ಒಳಗೆ ಕಾರ್ಬನ್ ಡೈಆಕ್ಸೈಡ್ ಏರ್ತಿರುತ್ತೆ. ಬೆಳಿಗ್ಗೆ ತಲೆನೋವು, ತೂಕಡಿಕೆ, ಕೈ ಪಟಪಟ ಬಡಿಯೋದು ಶುರು. ರಕ್ತದಲ್ಲಿ ಆ ಗ್ಯಾಸಿನ ಒತ್ತಡ 53 ಎಂಎಂ (ಪಾದರಸದ ಅಳತೆ) ದಾಟಿ, ಕಾಯಿಲೆಯ ಉಲ್ಬಣ ಇಳಿದು 2–4 ವಾರ ಆದ್ರೂ ಹಾಗೇ ಇದ್ರೆ ರಾತ್ರಿಗೆ ಬೈಪ್ಯಾಪ್ (ಮಾಸ್ಕಿನಿಂದ ಗಾಳಿ ಒತ್ತಿ ಉಸಿರಿಗೆ ನೆರವಾಗೋ ಮೆಷಿನ್) ಬೇಕಾ ಅಂತ ಕೇಳಬೇಕು. 2017ರ ಬ್ರಿಟನ್ ಅಧ್ಯಯನದಲ್ಲಿ ಮತ್ತೆ ಅಡ್ಮಿಟ್ ಅಥವಾ ಸಾವು ಬರೋವರೆಗಿನ ಮಧ್ಯಾಂಕ ಅವಧಿ ಬರೀ ಆಕ್ಸಿಜನ್‌ನಲ್ಲಿ 1.4 ತಿಂಗಳು, ಜೊತೆಗೆ ಮಾಸ್ಕ್ ವೆಂಟಿಲೇಶನ್ ಇದ್ದಾಗ 4.3. ಬೈಪ್ಯಾಪ್ ಮೊದಲು ಆನ್, ಆಮೇಲೆ ಆಕ್ಸಿಜನ್, ನಿಲ್ಲಿಸುವಾಗ ಉಲ್ಟಾ. ಇಲ್ಲಾಂದ್ರೆ ಆಕ್ಸಿಜನ್ ಬೈಪ್ಯಾಪ್ ಒಳಗೆ ತುಂಬ್ಕೊಳ್ಳುತ್ತೆ, ಒಂದು ಕಿಡಿ ಸಾಕು.

ಸ್ಪ್ಯಾನರ್: ಜಾಸ್ತಿ ಆಕ್ಸಿಜನ್ ಕೊಟ್ರೆ ಉಸಿರಾಡೋ ಪ್ರಚೋದನೆನೇ ನಿಲ್ಲುತ್ತೆ, ಅಷ್ಟೇ ವಿಷಯ. ಇಷ್ಟುದ್ದ ಯಾಕೆ?

ರಾತ್ರಿಪಾಳಿ: ಅದು ಹಳೇ ಪಾಠ ಕಣ್ರೀ. ಕಾರ್ಬನ್ ಡೈಆಕ್ಸೈಡ್ ಏರೋಕೆ ಮುಖ್ಯ ಕಾರಣ ಬೇರೆ: ಗಾಳಿ ಸರಿಯಾಗಿ ಆಡದ ಭಾಗಕ್ಕೆ ರಕ್ತನಾಳಗಳು ಸಂಕುಚಿಸಿ ರಕ್ತ ತಡೆದಿರುತ್ತವೆ, ಆಕ್ಸಿಜನ್ ಏರಿದಾಗ ಅವು ಸಡಿಲ ಆಗಿ ರಕ್ತ ಅಲ್ಲಿಗೇ ಹರಿಯುತ್ತೆ. ಮೇಲಿಂದ ಹೀಮೋಗ್ಲೋಬಿನ್ ಹೊತ್ತಿದ್ದ ಕಾರ್ಬನ್ ಡೈಆಕ್ಸೈಡನ್ನೂ ರಕ್ತಕ್ಕೆ ಇಳಿಸಿಬಿಡುತ್ತೆ.

ಗುಳ್ಳೆ: ನಿಮ್ಮ ಜಗಳದಲ್ಲಿ ಪ್ರಶ್ನೆ ಯಾರೂ ಓದಿಲ್ಲ. ಗುಂಡು 2ರಲ್ಲಿದ್ದು ಮೂಗಿಗೆ ಬರ್ತಿಲ್ಲ ಅಂದ್ರೆ ಮೀಟರ್ ದಾಟಿದ ಮೇಲೆ ಸೋರ್ತಿರಬಹುದು. ಮೊದಲು ಆಕ್ಸಿಜನ್‌ಗೆ ತೇವ ಕೊಡೋ ನೀರಿನ ಬಾಟಲಿ ನೋಡಿ. ನಳಿಕೆಯನ್ನ ಬಾಟಲಿ ಹತ್ತಿರ ಮಡಚಿ ಹಿಡೀರಿ. ಬಿಗಿಯಾಗಿದ್ರೆ ಕೆಲವು ಸೆಕೆಂಡಲ್ಲಿ ಮುಚ್ಚಳದ ಸೇಫ್ಟಿ ವಾಲ್ವ್ ಸಿಳ್ಳೆ ಹಾಕುತ್ತೆ. ಸಿಳ್ಳೆ ಇಲ್ಲ ಅಂದ್ರೆ ಮುಚ್ಚಳದ ತಿರುಪು ಅಡ್ಡ ಕೂತಿದೆ, ಇಲ್ಲವೇ ರಬ್ಬರ್ ರಿಂಗ್ ಹೋಗಿದೆ. ಆಮೇಲೆ ಮೂಗಿನ ತುದಿಯನ್ನ ಲೋಟದ ನೀರಲ್ಲಿ ಅದ್ದಿ, ಎರಡು ಕವಲಲ್ಲೂ ಗುಳ್ಳೆ ಏಳಬೇಕು. ಕೈ ತಣ್ಣಗಿದ್ರೆ ಬಿಸಿ ಮಾಡಿ ಅಳೀರಿ. ಆಗ್ಲೂ 88 ಬರದಿದ್ರೆ ಇಲ್ಲಿ ಕೇಳ್ತಾ ಕೂರಬೇಡಿ, ವಾರ್ಡಿಗೆ ಫೋನ್ ಮಾಡಿ. ತೂಕಡಿಕೆ, ಗಲಿಬಿಲಿ, ತುಟಿ ನೀಲಿ ಕಂಡ್ರೆ ನೇರ ಎಮರ್ಜೆನ್ಸಿಗೆ.

ಪ್ರಶ್ನೆ ಕೇಳಿದವರು: ಮಡಚಿದೆ, ಸಿಳ್ಳೆ ಬರಲಿಲ್ಲ. ಮೊನ್ನೆ ನೀರು ಬದಲಾಯಿಸಿದಾಗ ಮುಚ್ಚಳ ಓರೆ ಕೂತಿತ್ತು. ತಿರುಗಿಸಿ ಕೂರಿಸಿದೆ, ಈಗ 90. ವಾರ್ಡಿಗೂ ಹೇಳಿದೆ, ನಾಳೆ ಎಬಿಜಿಗೆ ಕರ್ಕೊಂಡು ಬನ್ನಿ ಅಂದ್ರು.

ಸ್ಪ್ಯಾನರ್: ನೋಡಿದ್ರಾ, ಸಿಲಿಂಡರ್ ಆಗಿದ್ರೆ ಈ ಗೋಳೇ ಇರ್ತಿರಲಿಲ್ಲ.

ಗುಳ್ಳೆ: ಅದಕ್ಕೂ ಇದೇ ತರದ ಬಾಟಲಿನೇ ಸ್ವಾಮಿ ಹಾಕೋದು.