ಫೋನಿನಲ್ಲಿ ದರ ಗೊತ್ತಾದ ಮೇಲೂ ಅಂಗಡಿಯವರ ಮಾತೇ ನಡೆಯುವುದು ಯಾಕೆ?

ಬದಿಯಡ್ಕದವ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ನಮಗೆ ಎರಡೂವರೆ ಎಕರೆ ಅಡಿಕೆ ತೋಟ ಇದೆ, ನಡುವೆ ಸ್ವಲ್ಪ ಕೊಕ್ಕೋ, ಕಾಳುಮೆಣಸು. ಬೆಂಗಳೂರಿನ ಕೆಲಸ ಬಿಟ್ಟು ನಾನು ಊರಿಗೆ ಬಂದು ಒಂದು ವರ್ಷ ಆಯಿತು. ಬೆಳಗ್ಗೆ ಎದ್ದ ಕೂಡಲೇ ವಾಟ್ಸಾಪಿನಲ್ಲಿ ಮಂಗಳೂರು, ಪುತ್ತೂರು, ಕಾಸರಗೋಡಿನ ದರ ಬಂದಿರುತ್ತದೆ. ಹೊಸ ಅಡಿಕೆಗೆ ಎಷ್ಟು, ಹಳತಕ್ಕೆ ಎಷ್ಟು, ಕೆಳದರ್ಜೆಯ ಪಟೋರಕ್ಕೆ ಎಷ್ಟು, ಎಲ್ಲ. ಅಜ್ಜನ ಕಾಲದಲ್ಲಿ ಗೋಣಿ ಪೇಟೆಗೆ ಮುಟ್ಟಿದ ಮೇಲೆಯೇ ದರ ಗೊತ್ತಾಗುತ್ತಿತ್ತಂತೆ, ಅದೂ ಅಂಗಡಿಯವರು ಹೇಳಿದ್ದೇ ದರ. ಈಗ ಆ ಹಿಡಿತ ಹೋಗಬೇಕಿತ್ತು ಅಲ್ವಾ? ಆದರೆ ಮೊನ್ನೆ ಅಪ್ಪ ಪೇಟೆಯ ಒಬ್ಬ ವ್ಯಾಪಾರಿಗೆ ಕಿಲೋಗೆ ಹತ್ತು ರೂಪಾಯಿ ಕಡಿಮೆಗೆ ಕೊಟ್ಟು ಬಂದರು. ಯಾಕೆ ಅಂತ ಕೇಳಿದೆ. "ಅಲ್ಲಿಗೇ ಕೊಡಬೇಕು, ನಿನಗೆ ಗೊತ್ತಾಗುವುದಿಲ್ಲ" ಅಂದರು. ನನಗೆ ಬೇಸರ ಆಯಿತು, ಅಪ್ಪನ ಮೇಲೆ ಅಲ್ಲ. ಲೋಕದ ವ್ಯಾಪಾರ ಬದಲಾದರೆ, ಹೊಸ ಉಪಕರಣ ಬಂದರೆ ಹಳೆಯ ದೊಡ್ಡವರ ಬಲ ಕರಗುತ್ತದೆ ಎಂದು ಎಲ್ಲ ಕಡೆ ಹೇಳುತ್ತಾರೆ. ನಮ್ಮಲ್ಲಿ ಯಾಕೆ ಕರಗಲಿಲ್ಲ? ತಿಳಿದವರು ಹೇಳಿ.

ಪೆರ್ಲದ ಕೃಷಿಕ

ತಮ್ಮಾ, ದರದ ವಿಷಯ ಆಮೇಲೆ. ಅಪ್ಪ ಮಳೆಗಾಲದಲ್ಲಿ ಆ ಅಂಗಡಿಯಿಂದ ಮುಂಗಡ ತೆಗೆದುಕೊಂಡಿದ್ದಾರಾ ಕೇಳು. ನನಗೀಗ 71 ವರ್ಷ, ಇದನ್ನು ಎರಡು ತಲೆಮಾರು ನೋಡಿದ್ದೇನೆ. ಜೂನ್ ಬಂತು ಅಂದರೆ ಕೊಳೆರೋಗಕ್ಕೆ ಮದ್ದು ಬಿಡಬೇಕು. ಮೈಲುತುತ್ತು, ಸುಣ್ಣ, ಮರ ಹತ್ತುವವನ ಕೂಲಿ, ಅದೇ ತಿಂಗಳು ಮಕ್ಕಳ ಶಾಲೆ ಫೀಸು. ಕೈಗೆ ಬರಬೇಕಾದ ಅಡಿಕೆ ಇನ್ನೂ ಮರದಲ್ಲಿ. ಆಗ ಕೇಳಿದ ಕೂಡಲೇ ಕಾಗದಪತ್ರ ಇಲ್ಲದೆ ದುಡ್ಡು ಕೊಡುವವರು ಅಂಗಡಿಯವರು. ಅವರನ್ನು ಕೆಟ್ಟವರು ಅಂತ ನಾನು ಹೇಳುವುದಿಲ್ಲ, ನನ್ನ ತಂಗಿಯ ಮದುವೆ ನಡೆದದ್ದೂ ಹಾಗೇ. ಆದರೆ ದುಡ್ಡು ತೆಗೆದುಕೊಂಡ ಮೇಲೆ ಅಡಿಕೆ ಬೇರೆ ಬಾಗಿಲಿಗೆ ಹೋಗುವ ಹಾಗಿಲ್ಲ. ಫೋನು ದರ ಹೇಳುತ್ತದೆ, ಸಾಲ ತೀರಿಸುವುದಿಲ್ಲ.

1970ರ ಜನವರಿಯಿಂದ ಕೇರಳದಲ್ಲಿ ಗೇಣಿ ಪದ್ಧತಿ ಹೋಯಿತು. ಗೇಣಿಯವನಿಗೆ ಭೂಮಿ ಸಿಕ್ಕಿತು, ಧನಿಗಳ ಬಲ ಇಳಿಯಿತು, ಅಂಗಡಿಯ ಸಾಲದ ಪಟ್ಟಿ ಮಾತ್ರ ಹಾಗೇ ಉಳಿಯಿತು. ಅದೇ ಹೊತ್ತಿಗೆ ಅಡಿಕೆ ದರ ಕುಸಿದು ಜನ ಕಂಗಾಲಾದರು. ಆಗ ವಾರಣಾಸಿ ಸುಬ್ರಾಯ ಭಟ್ಟರು ಮುಂದೆ ನಿಂತು 1973ರಲ್ಲಿ ಕ್ಯಾಂಪ್ಕೋ ಎಂಬ ಸಹಕಾರಿ ಸಂಸ್ಥೆ ಕಟ್ಟಿದರು, ಕರ್ನಾಟಕ, ಕೇರಳ ಎರಡೂ ಕಡೆಯ ಬೆಳೆಗಾರರದ್ದು. ಅದು ಖರೀದಿಗೆ ಇಳಿದ ಮೇಲೆ ಪೇಟೆಯವರೂ ದರ ಏರಿಸಬೇಕಾಯಿತು. ಇನ್ನೊಂದು, ಗಲ್ಫ್. ಅದೇ 1973ರಲ್ಲಿ ಎಣ್ಣೆಯ ಬೆಲೆ ಏರಿತು, ನಮ್ಮೂರಿನಿಂದ ಹುಡುಗರು ದುಬೈ, ಅಬುಧಾಬಿಗೆ ಹೋದರು. ಯಾರ ಮನೆಗೆ ಅಲ್ಲಿಂದ ಡ್ರಾಫ್ಟ್ ಬರುತ್ತಿತ್ತೋ ಆ ಮನೆಯವರು ಮಳೆಗಾಲದಲ್ಲಿ ಅಂಗಡಿಗೆ ಹೋಗುವುದನ್ನು ನಿಲ್ಲಿಸಿದರು. ನಾನು ಕಣ್ಣಾರೆ ಕಂಡದ್ದು.

ಕುಂಬಳೆ ಕಡಪುರ

ಪೆರ್ಲದ ಅಣ್ಣ ಹೇಳಿದ್ದು ಮೀನಿಗೂ ಸರಿ. ನಮ್ಮ ಕಡೆಯ ಮೀನಿನ ಬಗ್ಗೆ ಅಮೆರಿಕದ ರಾಬರ್ಟ್ ಜೆನ್ಸೆನ್ ಎಂಬ ಅರ್ಥಶಾಸ್ತ್ರಜ್ಞ 2007ರಲ್ಲಿ ಬರೆದದ್ದು ಲೋಕ ಪ್ರಸಿದ್ಧ. 1997ರಿಂದ 2001ರೊಳಗೆ ಉತ್ತರ ಕೇರಳದ ಕರಾವಳಿಗೆ ಮೊಬೈಲು ಬಂತಲ್ಲ, ಆಗ ಮತ್ತಿ ಮೀನಿನ ದರ ಏನಾಯಿತು ಎಂದು ನೋಡಿದರು. ಮೊದಲು ಒಂದು ಕಡಪುರದಲ್ಲಿ (ಮೀನಿನ ದೋಣಿ ಬರುವ ದಡ) ಕೊಳ್ಳುವವರಿಲ್ಲದೆ ಮೀನು ಚೆಲ್ಲುತ್ತಿದ್ದರು, ಸ್ವಲ್ಪ ದೂರದ ಇನ್ನೊಂದರಲ್ಲಿ ಮೀನೇ ಸಿಗದೆ ಜನ ವಾಪಸು ಹೋಗುತ್ತಿದ್ದರು. ಫೋನು ಬಂದ ಮೇಲೆ ಕಡಲಿನಿಂದಲೇ ಕೇಳಿಕೊಂಡು ದೋಣಿ ತಿರುಗಿಸಿದರು. ಚೆಲ್ಲುವುದು ನಿಂತಿತು, ಮೀನುಗಾರನ ಲಾಭ ಸುಮಾರು ಶೇ. 8 ಜಾಸ್ತಿ ಆಯಿತು, ತಿನ್ನುವವನಿಗೆ ದರ ಶೇ. 4 ಇಳಿಯಿತು. ನಿಜವಾಗಿಯೂ ದೊಡ್ಡ ವಿಷಯ.

ಆದರೆ ನಮ್ಮ ಮಾವನಿಗೆ ಇದರ ಪ್ರಯೋಜನ ಸಿಗಲಿಲ್ಲ. ದೋಣಿಗೂ ಎಂಜಿನಿಗೂ ದುಡ್ಡು ಕೊಟ್ಟದ್ದು ದಡದಲ್ಲಿ ಮೀನು ಏಲಂ (ಹರಾಜು) ಮಾಡುವವರು. ಫೋನು ಕಿಸೆಯಲ್ಲಿ ಇತ್ತು, ಆಚೆ ದರ ಜಾಸ್ತಿ ಅಂತ ಗೊತ್ತಿತ್ತು, ದೋಣಿ ಮಾತ್ರ ಪ್ರತಿದಿನ ಇದೇ ದಡಕ್ಕೆ. ಏಳು ವರ್ಷ.

ಹೊಸಂಗಡಿ ಟೀಚರ್

ನಾನು ಶಾಲೆಯಲ್ಲಿ ಚರಿತ್ರೆ ಕಲಿಸುತ್ತೇನೆ, ಹಾಗಾಗಿ ಸ್ವಲ್ಪ ಹಿಂದಕ್ಕೆ ಹೋಗುತ್ತೇನೆ, ಬೇಸರ ಮಾಡಬೇಡಿ. 1498ಕ್ಕೆ ಮೊದಲು ಮಲಬಾರಿನ ಕಾಳುಮೆಣಸು ಅರಬ್ಬಿ ವ್ಯಾಪಾರಿಗಳ ಮೂಲಕ ಕೈರೋ ದಾಟಿ ವೆನಿಸ್ ಮುಟ್ಟುತ್ತಿತ್ತು. ದಾರಿಯಲ್ಲಿ ಕೂತವರೆಲ್ಲ ಶ್ರೀಮಂತರಾದರು. ವಾಸ್ಕೋ ಡ ಗಾಮ ಆಫ್ರಿಕ ಸುತ್ತಿ ಬಂದ ಮೇಲೆ ಆ ದಾರಿಯ ಬಲ ಕುಗ್ಗಿತು. 1509ರಲ್ಲಿ ದಿಯುವಿನ ಹತ್ತಿರ ಈಜಿಪ್ಟಿನ ನೌಕೆಗಳು ಪೋರ್ಚುಗೀಸರ ಎದುರು ಸೋತವು. ಪೋರ್ಚುಗೀಸರು ಕರ್ತಾಸ್ ಎಂಬ ಚೀಟಿ ಮಾಡಿ, ಅದಿಲ್ಲದ ಹಡಗನ್ನು ಹಿಡಿದರು. ಮತ್ತೆ ಡಚ್ಚರು ಬಂದು 1663ರಲ್ಲಿ ಕೊಚ್ಚಿ ತೆಗೆದುಕೊಂಡರು, ಅವರಿಂದ 1795ರಲ್ಲಿ ಇಂಗ್ಲಿಷರು. ಬೇಕಲದಲ್ಲಿ ಕೋಟೆ ಕಟ್ಟಿಸಿದ ಕೆಳದಿ ನಾಯಕರ ಆದಾಯದಲ್ಲೂ ಅಕ್ಕಿ, ಮೆಣಸಿನ ವ್ಯಾಪಾರದ ಪಾಲು ಇತ್ತು, ಅದಕ್ಕೇ ಬಂದರುಗಳಿಗಾಗಿ ಪೋರ್ಚುಗೀಸರ ಜೊತೆ ಜಗಳ. ಮುನ್ನೂರು ವರ್ಷದಲ್ಲಿ ಯಜಮಾನರು ಇಷ್ಟು ಸಲ ಬದಲಾದರು. ಬಳ್ಳಿ ನೆಟ್ಟವನು ಮಾತ್ರ ಯಾರು ಬಂದರೋ ಅವರಿಗೆ ಅವರ ದರಕ್ಕೆ ಕೊಟ್ಟ. ಪಾಠ ಮಾಡುವಾಗ ನನಗೆ ಪ್ರತಿ ವರ್ಷ ಇಲ್ಲಿ ಗಂಟಲು ಕಟ್ಟುತ್ತದೆ.

ಮತ್ತೆ, ಪೇಟೆಯ ವ್ಯಾಪಾರಿಯೂ ಈಗ ಹಿಂದಿನಷ್ಟು ದೊಡ್ಡವನಲ್ಲ. ನಮ್ಮ ಚಾಲಿ (ಒಣಗಿಸಿ ಸುಲಿದ ಅಡಿಕೆ) ಕೊಳ್ಳುವುದು ಗುಜರಾತ್, ಮುಂಬಯಿ ಕಡೆಯವರು. ಅವರು ಒಂದು ವಾರ ಸುಮ್ನೆ ಕೂತರೆ ಇಲ್ಲಿಯ ಅಂಗಡಿಯವರಿಗೂ ನಿದ್ದೆ ಇಲ್ಲ. ಹೊರಗಿನ ಅಡಿಕೆ ಅಗ್ಗಕ್ಕೆ ಬಾರದ ಹಾಗೆ ಸರಕಾರ 2023ರಲ್ಲಿ ಆಮದಿನ ಕನಿಷ್ಠ ದರವನ್ನು ಕಿಲೋಗೆ 351 ರೂಪಾಯಿ ಮಾಡಿತು. ಆದರೂ ಬರ್ಮಾ ಅಡಿಕೆ ಕಳ್ಳದಾರಿಯಲ್ಲಿ ಬರುತ್ತಲೇ ಇದೆ. ಕೊಕ್ಕೋ ನೋಡಿ, ಘಾನಾ, ಐವರಿ ಕೋಸ್ಟಿನಲ್ಲಿ ಬೆಳೆ ಕೆಟ್ಟಿತು, 2024ರಲ್ಲಿ ಲೋಕದ ಪೇಟೆಯಲ್ಲಿ ಟನ್ನಿಗೆ 10,000 ಡಾಲರ್ ದಾಟಿತು, ನಿಮ್ಮ ಬದಿಯಡ್ಕದಲ್ಲೂ ಹಸಿ ಬೀಜಕ್ಕೆ ದರ ಏರಿತು. ಅದರಲ್ಲಿ ನಮ್ಮ ಪೇಟೆಯವರ ಕೈ ಏನೂ ಇರಲಿಲ್ಲ.

ಬದಿಯಡ್ಕದವ

ಎಲ್ಲರಿಗೂ ತುಂಬ ಉಪಕಾರ. ಪೆರ್ಲದ ಅಣ್ಣ, ನೀವು ಹೇಳಿದ ಹಾಗೇ ಅಪ್ಪನ ಹತ್ತಿರ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ಕಪಾಟಿನಿಂದ ಪಟ್ಟಿ ತೆಗೆದು ಕೊಟ್ಟರು. ಜೂನಿನಲ್ಲಿ 60,000, ಅದರ ಹಿಂದಿನ ವರ್ಷದ ಬಾಕಿ 22,000. ನಾನು ಬೆಂಗಳೂರಿನಲ್ಲಿ ಸಂಬಳ ತೆಗೆದುಕೊಳ್ಳುತ್ತಿದ್ದಾಗಲೂ ಇದು ಇತ್ತು, ನನಗೆ ಒಂದು ಮಾತು ಹೇಳಿರಲಿಲ್ಲ. ನನ್ನ ಹತ್ತಿರ ಸ್ವಲ್ಪ ಉಳಿತಾಯ ಇದೆ, ಹಳೆ ಬಾಕಿ ಈ ವಾರವೇ ತೀರಿಸುತ್ತೇನೆ. ಉಳಿದದ್ದಕ್ಕೆ ಸೊಸೈಟಿಯಲ್ಲಿ ಬೆಳೆ ಸಾಲ ಸಿಗುತ್ತದಾ, ಮದ್ದು ಬಿಡುವ ಹೊತ್ತಿಗೆ ಕೈಗೆ ಬರಬೇಕಾದರೆ ಯಾವ ತಿಂಗಳು ಅರ್ಜಿ ಕೊಡಬೇಕು? ಜಾಗದ ತೆರಿಗೆ ರಶೀದಿ ಇನ್ನೂ ಅಜ್ಜನ ಹೆಸರಿನಲ್ಲಿದೆ.

ಪೆರ್ಲದ ಕೃಷಿಕ

ಮೊದಲು ರಶೀದಿ ಅಪ್ಪನ ಹೆಸರಿಗೆ ಮಾಡಿಸು, ಅದಕ್ಕೇ ಸಮಯ ಹೋಗುವುದು. ಮಾರ್ಚಿನೊಳಗೆ ಆದರೆ ಒಳ್ಳೆಯದು. ಆದಿತ್ಯವಾರ ನಾನು ಬದಿಯಡ್ಕಕ್ಕೆ ಬರುತ್ತೇನೆ, ಕಾಗದ ಎಲ್ಲ ತೆಗೆದಿಟ್ಟುಕೋ. ಅಪ್ಪನಿಗೂ ಬರಲು ಹೇಳು.