ಅಡಿಕೆ ಧಾರಣೆ ಬೇಗ ಓದಿಸೋದು ಹೇಗೆ?

ತೀರ್ಥಹಳ್ಳಿಯಿಂದ:
ನಂಗೆ ಕಣ್ಣು ಕಾಣಲ್ಲ, ಕಂಪ್ಯೂಟರ್ ಪರದೆ ಓದಿ ಹೇಳೋ ತಂತ್ರಾಂಶ ಎನ್‌ವಿಡಿಎ ಬಳಸ್ತೀನಿ. ದಿನಾ ಶಿವಮೊಗ್ಗ ಮಾರುಕಟ್ಟೆ ಧಾರಣೆ ಬೇಕು. ಪುಟ ತೆರೆದ್ರೆ ಮೇಲಿಂದ "ಲಿಂಕ್, ಲಿಂಕ್" ಅಂತ ಶುರು. ರಾಶಿ, ಬೆಟ್ಟೆ ಅಡಿಕೆ ಧಾರಣೆ ಬರೋಷ್ಟರಲ್ಲಿ ಕಾಫಿ ಆರಿರುತ್ತೆ. ಅಡ್ಡದಾರಿ ಇದೆಯಾ?

ಸಾಗರದಿಂದ:
ಬರೀ ಬಾಣದ ಕೀಲಿ ಒತ್ತಿಕೊಂಡು ಕೂತ್ರೆ ಹಾಗೇ ಮಾರಾಯ್ರೆ. ಟಿ ಒತ್ತಿ, ನೇರ ಕೋಷ್ಟಕಕ್ಕೆ ಹೋಗುತ್ತೆ. ಆಮೇಲೆ ಕಂಟ್ರೋಲ್, ಆಲ್ಟ್ ಹಿಡಿದು ಬಾಣ ಒತ್ತಿದ್ರೆ ಒಂದೊಂದೇ ಮನೆ ಓದುತ್ತೆ. ಶೀರ್ಷಿಕೆಗೆ ಎಚ್.

ತೀರ್ಥಹಳ್ಳಿಯಿಂದ:
ಟಿ ಒತ್ತಿದ್ರೆ ಅಕ್ಷರ ಟೈಪ್ ಆಗ್ತಿದೆಯಲ್ಲ!

ಸಾಗರದಿಂದ:
ಹುಡುಕೋ ಪೆಟ್ಟಿಗೆಯೊಳಗೆ ಸಿಕ್ಕಿಕೊಂಡಿದ್ದೀರಿ. ಎಸ್ಕೇಪ್ ಒತ್ತಿ. ಇಲ್ಲಾಂದ್ರೆ ಇನ್ಸರ್ಟ್ ಜೊತೆ ಸ್ಪೇಸ್.

ಹೊಸನಗರದಿಂದ:
ಧಾರಣೆಪಟ್ಟಿಯ ಫೋಟೋ ಹಾಕೋ ಪುಣ್ಯಾತ್ಮರೂ ಇದ್ದಾರೆ. ಅಲ್ಲಿ ಟಿ ಒತ್ತಿದ್ರೆ ಏನೂ ಸಿಗಲ್ಲ; ನಾನಂತೂ ಮಂಡಿಗೇ ಫೋನ್ ಮಾಡ್ತೀನಿ.